ಎರಡನೇ ಅರ್ಧದ ಕೊನೆಯ ಭಾನುವಾರ

ಹಾಫ್‌ಮನ್ ಎಸ್ಟೇಟ್ಸ್‌ನ ನಮ್ಮ ಮನೆಯಿಂದ ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಡುವುದೆಂದು ತೀರ್ಮಾನವಾಗಿತ್ತು. ಹೊರಟಾಗ ಒಂಬತ್ತು ದಾಟಿತ್ತು. ತಡವಾದದ್ದು ಚೊಂಬುಗಳಿಂದ. ತಾಮ್ರದ್ದು, ಹಿತ್ತಾಳೆಯದ್ದು, ಗ್ಲೆಂಡೇಲ್ ಹೈಟ್ಸ್‌ನ ಗೆಳೆಯರ ಮನೆಯಿಂದ ಎರವಲು ತಂದದ್ದು, ಎಲ್ಲವನ್ನೂ ನನ್ನ ಹೆಂಡತಿ ಶೈಲಜಾ ಹಳೆಯ ಪಂಚೆಗಳಲ್ಲಿ ಸುತ್ತಿ ವ್ಯಾನಿನ ಹಿಂಭಾಗದಲ್ಲಿ ಜೋಡಿಸುತ್ತಿದ್ದಳು. ಮೊದಲು ನಾನೇ ಜೋಡಿಸಿದ್ದೆ. ಅದನ್ನು ಬಿಚ್ಚಿ ಮತ್ತೆ ಜೋಡಿಸಿದಳು. ನಾನು ಜೋಡಿಸಿದ್ದು ಹಂಪ್ ಬಂದರೆ ಉರುಳುತ್ತದಂತೆ. ಹೆದ್ದಾರಿಯಲ್ಲಿ ಹಂಪ್ ಎಲ್ಲಿಂದ ಬರಬೇಕು ಎಂದೆ. ಇಲಿನಾಯ್ ರಸ್ತೆಗಳ ವಿನ್ಯಾಸದಲ್ಲೇ ಮೂವತ್ತು ವರ್ಷ ಸವೆಸಿದ ಇಂಜಿನಿಯರ್ ನಾನು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ನನಗೆ ಅರವತ್ತು ತುಂಬುತ್ತಿತ್ತು. ನಾನು ಹುಟ್ಟಿದ ಕ್ರೋಧಿ ಸಂವತ್ಸರ ಅರವತ್ತು ವರ್ಷದ ಸುತ್ತು ಮುಗಿಸಿ ಮತ್ತೆ ಬಂದಿತ್ತು. ಸಂವತ್ಸರದ ಹೆಸರು ನನ್ನ ಸ್ವಭಾವಕ್ಕೆ ಚೆನ್ನಾಗಿ ಹೊಂದುತ್ತದೆ ಎಂಬುದು ಶೈಲಜಾಳ ಅಭಿಪ್ರಾಯ. ಮಿಷಿಗನ್‌ನ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿರುವ ನನ್ನ ಅಕ್ಕ ಗಂಗಕ್ಕನ ಮನೆಯಲ್ಲಿ ಗುರುವಾರ ಷಷ್ಟ್ಯಬ್ದಿ ಶಾಂತಿ ಇಟ್ಟುಕೊಂಡಿದ್ದೆವು. ಹೋಮ ಆದಮೇಲೆ ಮಕ್ಕಳು, ಬಂಧುಗಳು ದಂಪತಿಗಳ ತಲೆಯ ಮೇಲೆ ಕಳಶದ ನೀರು ಸುರಿಯುತ್ತಾರೆ. ಆಮೇಲೆ ಗಂಡ ಹೆಂಡತಿಗೆ ಇನ್ನೊಂದು ಸಲ ತಾಳಿ ಕಟ್ಟುತ್ತಾನೆ. ನೀರು ಸುರಿಯುವುದರಲ್ಲಿ ಮೊದಲ ಚೊಂಬು ಮಕ್ಕಳದು. ನಮಗೆ ಇರುವವಳು ಒಬ್ಬಳೇ ಮಗಳು, ಅಪೂರ್ವಾ.

ಅಮೆರಿಕಕ್ಕೆ ಬಂದ ನಮ್ಮ ದೇವರುಗಳೆಲ್ಲ ವೀಕೆಂಡಿಗೆ ಒಗ್ಗಿಕೊಂಡಿದ್ದಾರೆ. ಚೌತಿ ಯಾವ ವಾರ ಬಂದರೂ ಗಣಪತಿ ಶನಿವಾರ ಕೂತು ಭಾನುವಾರ ಏಳುತ್ತಾನೆ. ಪುರೋಹಿತರಾದ ಭಟ್ಟರು ನನಗೂ ಅದನ್ನೇ ಸೂಚಿಸಿದ್ದರು: "ಶನಿವಾರ ಇಟ್ಕೊಳ್ಳಿ ಸರ್, ಜನಕ್ಕೂ ಅನುಕೂಲ." ನಾನು ಒಪ್ಪಲಿಲ್ಲ. ಹುಟ್ಟಿದ ಮೂಲಾ ನಕ್ಷತ್ರ ಈ ಭಾದ್ರಪದದಲ್ಲಿ ಗುರುವಾರ ಮಧ್ಯಾಹ್ನದವರೆಗೆ ಇದೆ ಎಂದರೆ ಕಾರ್ಯ ಗುರುವಾರ ಬೆಳಿಗ್ಗೆಯೇ ಆಗಬೇಕು, ಬರುವವರು ರಜೆ ಹಾಕಿ ಬರಲಿ ಎಂದುಬಿಟ್ಟೆ. ಇಡೀ ಬಳಗ ಗೊಣಗುತ್ತ ರಜೆ ಹಾಕಿತು.

ಆದರೆ ದಿನ ಗಟ್ಟಿ ಮಾಡುವ ಮೊದಲು ಒಂದು ಕೆಲಸವನ್ನು ನಾನು ಸರಿಯಾಗಿಯೇ ಮಾಡಿದ್ದೆ. ಜೂನ್ ಕೊನೆಯಲ್ಲಿ ಅಪೂರ್ವಾಳಿಗೆ ಫೋನ್ ಮಾಡಿ, ನಿನ್ನ ಸೀಸನ್ ಯಾವಾಗ ಮುಗಿಯುತ್ತದೆ ಎಂದು ಕೇಳಿದ್ದೆ. ಅವಳು ಮಿಷಿಗನ್‌ನ ಮಿಲ್‌ಪೋರ್ಟ್ ಎಂಬ ಊರಿನ ಹೆರನ್ಸ್ ಎಂಬ ಬೇಸ್‌ಬಾಲ್ ತಂಡದ ರೇಡಿಯೋ ವೀಕ್ಷಕ ವಿವರಣೆಗಾರ್ತಿ. ಇದು ಮೈನರ್ ಲೀಗ್, ಅಂದರೆ ದೊಡ್ಡ ತಂಡಗಳು ತಮ್ಮ ಎಳೆಯ ಆಟಗಾರರನ್ನು ಪಳಗಿಸಲು ಇಟ್ಟಿರುವ ಚಿಕ್ಕ ತಂಡಗಳ ಲೋಕ. ತಂಡದ ಜೊತೆ ಬಸ್ಸಿನಲ್ಲಿ ಊರೂರು ತಿರುಗುತ್ತ ಐದು ವರ್ಷದಿಂದ ಅಲ್ಲೇ ಇದ್ದಾಳೆ. ಬಸ್ಸು ಹತ್ತುವ ಪ್ರತಿ ಸಲವೂ ನಾನು "ಮುಟ್ಟಿದ ಮೇಲೆ ಫೋನ್ ಮಾಡು" ಎನ್ನುತ್ತೇನೆ, ಅವಳು "ಐ ನೋ, ಐ ನೋ" ಎನ್ನುತ್ತಾಳೆ, ಫೋನ್ ಬರುವುದಿಲ್ಲ. ಆ ದಿನ ಹೇಳಿದಳು: "ಸೆಪ್ಟೆಂಬರ್ ಎರಡನೇ ಭಾನುವಾರ ಮುಗಿಯುತ್ತಪ್ಪಾ. ಅನ್‌ಲೆಸ್ ವಿ ಮೇಕ್ ದ ಪ್ಲೇಆಫ್ಸ್."

ನಾನು ಅಂಕಪಟ್ಟಿ ತೆಗೆದು ನೋಡಿದೆ. ಅವರ ವಿಭಾಗದ ಆರು ತಂಡಗಳಲ್ಲಿ ಹೆರನ್ಸ್ ಆರನೆಯದು, ಅದೂ ಐದನೆಯದಕ್ಕಿಂತ ಬಹಳ ಕೆಳಗೆ. ಕ್ರಿಕೆಟ್ ನೋಡಿ ಬೆಳೆದವನಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಹೋ ಎಂದು ನಕ್ಕು, ಸೆಪ್ಟೆಂಬರ್ ಎರಡನೇ ಭಾನುವಾರದ ನಂತರದ ಗುರುವಾರಕ್ಕೆ ಭಟ್ಟರಿಗೆ ಎಲೆ ಅಡಿಕೆ ಕೊಟ್ಟೆ.

ನನ್ನ ಲೆಕ್ಕ ಎಲ್ಲಿ ತಪ್ಪಿತು ಎಂಬುದು ಆಗಸ್ಟ್ ಕೊನೆಯಲ್ಲಿ ಶೈಲಜಾ ಹೇಳಿದ ಮೇಲೆ ತಿಳಿಯಿತು. ತಾಯಿ ಮಗಳು ಮೊದಲೇ ಮಾತಾಡಿಕೊಂಡಿದ್ದರು. "ಅವರ ಲೀಗು ನಿಮ್ಮ ಕಾಲದ ವಾರ್ಷಿಕ ಪರೀಕ್ಷೆ ಅಲ್ಲ ಕಣ್ರೀ, ಸೆಮಿಸ್ಟರ್ ಥರ," ಎಂದಳು. ಸೀಸನ್ನನ್ನು ಎರಡು ಅರ್ಧ ಮಾಡಿರುತ್ತಾರೆ. ಏಪ್ರಿಲ್‌ನಿಂದ ಜೂನ್‌ವರೆಗೆ ಮೊದಲ ಅರ್ಧ. ಅದರಲ್ಲಿ ವಿಭಾಗದ ಮೊದಲಿಗರಾದವರಿಗೆ ಪ್ಲೇಆಫ್‌ನಲ್ಲಿ ಒಂದು ಜಾಗ ಆಗಲೇ ಖಾತ್ರಿ. ಆಮೇಲೆ ಎಲ್ಲರ ಗೆಲುವು ಸೋಲುಗಳನ್ನೂ ಒರೆಸಿ ಸೊನ್ನೆಗೆ ತಂದು, ಸೆಪ್ಟೆಂಬರ್‌ವರೆಗೆ ಎರಡನೇ ಅರ್ಧ. ಅದರಲ್ಲಿ ಮೊದಲಿಗರಾದವರಿಗೆ ಇನ್ನೊಂದು ಜಾಗ. ನಾನು ನೋಡಿ ನಕ್ಕ ಅಂಕಪಟ್ಟಿ ಮುಗಿದುಹೋದ ಸೆಮಿಸ್ಟರಿನದು. ಹೊಸ ಸೆಮಿಸ್ಟರಿನಲ್ಲಿ ಹೆರನ್ಸ್ ಮೇಲಿನ ಮೂರರಲ್ಲಿತ್ತು.

ಆ ಎರಡು ತಂಡಗಳ ನಡುವಿನ ಪ್ಲೇಆಫ್ ಮೂರು ಪಂದ್ಯದ್ದು. ಎರಡನೇ ಅರ್ಧದಿಂದ ಬಂದ ತಂಡದ ಊರಲ್ಲಿ ಮಂಗಳವಾರ ಮೊದಲನೆಯದು, ಮೊದಲ ಅರ್ಧ ಗೆದ್ದವರ ಊರಲ್ಲಿ ಗುರುವಾರ ಎರಡನೆಯದು, ಒಂದೊಂದು ಗೆದ್ದಿದ್ದರೆ ಶುಕ್ರವಾರ ಅಲ್ಲೇ ಮೂರನೆಯದು. ಮೊದಲ ಅರ್ಧ ಗೆದ್ದದ್ದು ಇಂಡಿಯಾನಾದ ತಂಡ. ಹೆರನ್ಸ್ ಪ್ಲೇಆಫ್ ಮುಟ್ಟಿದರೆ ಗುರುವಾರ ನಮ್ಮ ಮಗಳು ಇರಬೇಕಾದದ್ದು ಇಂಡಿಯಾನಾದಲ್ಲಿ.

ಹೀಗೆ, ಏನಾಗುತ್ತದೋ ಗೊತ್ತಿಲ್ಲದೆ, ಕೊನೆಯ ಭಾನುವಾರದ ಪಂದ್ಯ ನೋಡಿಕೊಂಡು ಅಲ್ಲಿಂದ ಅಕ್ಕನ ಮನೆಗೆ ಹೋಗುವ ಪ್ರಯಾಣ ಇದಾಗಿತ್ತು. ಷಿಕಾಗೋವನ್ನು ಬಳಸಿ ಹೋಗುವ ಟೋಲ್ ರಸ್ತೆ ಹಿಡಿದೆವು. ಇಂಡಿಯಾನಾ ಗಡಿಯ ಹತ್ತಿರ ರಿಪೇರಿಗಾಗಿ ಮೂರು ಲೇನುಗಳನ್ನು ಒಂದು ಮಾಡಿದ್ದರು, ಆಮೆ ನಡಿಗೆ. ಆಗಲೇ ಗಂಗಕ್ಕನ ಫೋನ್ ಬಂತು. ಮೂವತ್ತೈದು ವರ್ಷ ಡಾಕ್ಟರಿಕೆ ಮಾಡಿ ನಿವೃತ್ತಳಾದರೂ ಅವಳ ಮಾತು ರಾಣೆಬೆನ್ನೂರು ಬಿಟ್ಟು ಬಂದಿಲ್ಲ.

"ಏನೋ ತಮ್ಮಾ, ಅಪೂರ್ವಾ ಬರ್ತಾಳೋ ಇಲ್ಲೋ? ಒಂದ್ ಮಾತು ಖಚಿತ ಹೇಳು."

"ನಾಳೆ ಸಂಜೀತನಾ ಗೊತ್ತಾಗಂಗಿಲ್ಲಕ್ಕಾ."

"ಹೆತ್ತ ಮಗಳು ತಂದೀ ಕಾರ್ಯಕ್ಕ ಬರೋದು ಚೆಂಡಿನಾಟದ ಮ್ಯಾಲೆ ನಿಂತದೇನೋ? ನಿನ್ನ ಹಟ ಒಂದ್ ಕಡೆ, ಆಕೀ ಆಟ ಒಂದ್ ಕಡೆ. ಶನಿವಾರ ಇಟ್ಕೋ ಅಂತ ಬಡ್ಕೊಂಡೆ."

ಶೈಲಜಾ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು. ನಾನು ಸಿಗ್ನಲ್ ಸರಿಯಿಲ್ಲ ಎಂದು ಫೋನ್ ಇಟ್ಟೆ.

ಮಿಷಿಗನ್ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಎಷ್ಟು ಸಲ ಹೋದರೂ ಯಾರೋ ಜೇಬಿನಿಂದ ಎತ್ತಿಕೊಂಡ ಹಾಗೆ ಅನ್ನಿಸುತ್ತದೆ. ವಿಶ್ರಾಂತಿ ತಾಣದ ಮರದ ಬೆಂಚಿನ ಮೇಲೆ ಚಪಾತಿ, ಬದನೆಕಾಯಿ ಪಲ್ಯ, ಮೊಸರನ್ನ ತಿಂದೆವು. ಪಾ ಪಾ ಎಂಬ ಊರಿನ ಸುತ್ತ ದ್ರಾಕ್ಷಿ ತೋಟಗಳಿವೆ. ಕೊಯ್ಲಿನ ಕಾಲ, ಕಿಟಕಿ ಇಳಿಸಿದರೆ ಹಣ್ಣಿನ ವಾಸನೆ ಕಾರಿನೊಳಗೆ ಬರುತ್ತಿತ್ತು. ರಸ್ತೆ ಬದಿಯ ಹಣ್ಣಿನ ಅಂಗಡಿಯಲ್ಲಿ ಒಂದು ಬುಟ್ಟಿ ಕೊಂಡೆವು. ಬೀಜ ದೊಡ್ಡದು, ಸಿಪ್ಪೆ ಹುಳಿ, ಆದರೂ ಕಲಮಜೂ ತಲುಪುವಷ್ಟರಲ್ಲಿ ಅರ್ಧ ಬುಟ್ಟಿ ಖಾಲಿಯಾಗಿತ್ತು.

ಕಲಮಜೂ ದಾಟಿ ಸ್ವಲ್ಪ ಮುಂದೆ ಹೆದ್ದಾರಿ ಬಿಟ್ಟರೆ ಮಿಲ್‌ಪೋರ್ಟ್. ಒಂದು ನದಿ, ಮುಚ್ಚಿಹೋದ ಕಾಗದದ ಕಾರ್ಖಾನೆ, ಒಂದೇ ಒಂದು ದೊಡ್ಡ ಬೀದಿ, ಬೀದಿಯ ತುದಿಗೆ ಮೈದಾನ. ಶನಿವಾರವೂ ಪಂದ್ಯವಿತ್ತು. ಈ ಲೀಗಿನಲ್ಲಿ ಹೊರಗಿನ ತಂಡ ಮಂಗಳವಾರ ಬಂದರೆ ಭಾನುವಾರದವರೆಗೆ ದಿನಕ್ಕೊಂದರಂತೆ ಆಡುತ್ತದೆ. ಸೋಮವಾರ ಎಲ್ಲರಿಗೂ ರಜೆ. ಆ ವಾರ ಬಂದಿದ್ದದ್ದು ಇಂಡಿಯಾನಾದ ತಂಡವೇ. ಅಪೂರ್ವಾ ಗೇಟಿನ ಹತ್ತಿರ ಬಂದು ನಮ್ಮಿಬ್ಬರನ್ನೂ ಅಪ್ಪಿಕೊಂಡಳು. ಒಂದು ಕೈಯಲ್ಲಿ ಅರ್ಧ ತಿಂದ ಸ್ಯಾಂಡ್‌ವಿಚ್, ಕೊರಳಲ್ಲಿ ಗುರುತಿನ ಚೀಟಿ. ಸಣ್ಣಗಾಗಿದ್ದಳು.

"ಗುರುವಾರದ ಬಗ್ಗೆ ಟೆನ್ಷನ್ ಬೇಡ ಅಪ್ಪಾ," ಎಂದಳು. ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಪ್ಲೇಆಫ್ ಮುಟ್ಟಿದರೂ ತಾನು ವೆಸ್ಟ್ ಬ್ಲೂಮ್‌ಫೀಲ್ಡ್‌ಗೇ ಬರುತ್ತಾಳಂತೆ. ಮ್ಯಾನೇಜರಿಗೆ ಆಗಲೇ ಹೇಳಿದ್ದಾಳಂತೆ. ಇಂಡಿಯಾನಾದ ಪಂದ್ಯಗಳಿಗೆ ಬೇರೊಬ್ಬ ಮಾತಾಡುತ್ತಾನಂತೆ.

"ಐದು ವರ್ಷ ಆ ಬಸ್ಸಲ್ಲಿ ಬೆನ್ನು ಮುರ್ಕೊಂಡು, ಕೊನೆಗೆ ಮೊದಲನೇ ಸಲ ಪ್ಲೇಆಫ್ ಬಂದಾಗ ಇನ್ಯಾರೋ ಮಾತಾಡೋದಾ?" ಎಂದಳು ಶೈಲಜಾ.

"ಅಮ್ಮಾ, ಅಪ್ಪ ಡೇಟ್ ಬದಲಾಯಿಸಲ್ಲ. ಇಟ್ಸ್ ಓಕೆ." ನಗುತ್ತಲೇ ಹೇಳಿದಳು. ಆ ನಗು ನನಗೆ ಚುಚ್ಚಿತು. ಬದಲಾಯಿಸುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಆಚೆ ಬರಲಿಲ್ಲ. ಇಡೀ ಬಳಗ ರಜೆ ಹಾಕಿತ್ತು. ಜೊತೆಗೆ, ಮಗಳು ಹೇಳಿದಳೆಂದು ನಕ್ಷತ್ರ ಬಿಟ್ಟ ಎಂದು ನಾಲ್ಕು ಜನ ಆಡಿಕೊಂಡರೆ ಎಂಬ ಬಿಗುಮಾನವೂ ಇತ್ತು.

ರಾತ್ರಿ ಮೋಟೆಲಿನಲ್ಲಿ ಮಲಗಿದಾಗ ನನಗೊಂದು ಸುಲಭದ ದಾರಿ ಹೊಳೆಯಿತು. ನಾಳೆ ಹೆರನ್ಸ್ ಸೋತುಬಿಟ್ಟರೆ ಎಲ್ಲವೂ ಸರಿಹೋಗುತ್ತದೆ. ಅವಳು ಏನನ್ನೂ ಬಿಟ್ಟುಕೊಡಬೇಕಿಲ್ಲ, ನಾನು ಏನನ್ನೂ ಬದಲಾಯಿಸಬೇಕಿಲ್ಲ. ಇದನ್ನು ಶೈಲಜಾಳಿಗೆ ಹೇಳುವ ಧೈರ್ಯ ಬರಲಿಲ್ಲ.

ಭಾನುವಾರ ಒಳ್ಳೆಯ ಬಿಸಿಲು, ಎಪ್ಪತ್ನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ಪಂದ್ಯ ಮಧ್ಯಾಹ್ನ ಒಂದಕ್ಕೆ. ಟಿಕೆಟ್ ಒಬ್ಬರಿಗೆ ಹದಿನಾಲ್ಕು ಡಾಲರ್. ಷಿಕಾಗೋದ ದೊಡ್ಡ ಮೈದಾನಗಳಲ್ಲಿ ಕಾರು ನಿಲ್ಲಿಸಲೂ ಅದು ಸಾಲದು. ಹೊರಗಿನ ತಿಂಡಿ ತರಬಾರದೆಂಬ ಬೋರ್ಡನ್ನು ಓದಿಯೂ ಶೈಲಜಾ ಚೀಲದಲ್ಲಿ ಖಾರದವಲಕ್ಕಿ ಬಚ್ಚಿಟ್ಟುಕೊಂಡು ಬಂದಳು. ನಮ್ಮ ಪಕ್ಕದ ಸೀಟಿನಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ ಕೂತಿದ್ದರು. ಹೆಸರು ಮಾರ್ಲೀನ್. ಮಡಿಲಲ್ಲಿ ಒಂದು ಪುಟ್ಟ ರೇಡಿಯೋ, ಅದರ ತಂತಿ ಕಿವಿಗೆ.

"ಆಟ ಎದುರಿಗೇ ಇದೆಯಲ್ಲ, ರೇಡಿಯೋ ಯಾಕೆ?" ಎಂದು ಕೇಳಿದೆ.

"ಕಣ್ಣು ಮಂಜಾಗಿ ನಾಲ್ಕು ವರ್ಷ ಆಯ್ತು," ಎಂದರು ಅಜ್ಜಿ. "ಮೈದಾನದಲ್ಲಿ ಬಣ್ಣ ಓಡಾಡೋದು ಮಾತ್ರ ಕಾಣುತ್ತೆ. ಏನಾಯ್ತು ಅಂತ ಈ ಹುಡುಗಿ ಹೇಳ್ತಾಳೆ. ಇವಳು ಹೇಳಿದ್ರೆ ನನಗೆ ಕಂಡ ಹಾಗೇ."

ಅದು ನನ್ನ ಮಗಳು ಎಂದೆ. ಅಜ್ಜಿ ನನ್ನ ಕಡೆ ತಿರುಗಿ, ಕಾಣದ ಕಣ್ಣಲ್ಲೇ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಒಂದು ಕಿವಿಯ ತಂತಿ ತೆಗೆದು ನನ್ನ ಕೈಗಿಟ್ಟರು. ಮನೆಯಲ್ಲಿ ಫೋನಿನಲ್ಲಿ ಆಗಾಗ ಐದು ಹತ್ತು ನಿಮಿಷ ಕೇಳಿದ್ದೆನೇ ಹೊರತು ಪೂರ್ತಿ ಪಂದ್ಯ ಒಮ್ಮೆಯೂ ಕೇಳಿರಲಿಲ್ಲ. ಎದುರಿಗೆ ನಡೆಯುವುದನ್ನು ನೋಡುತ್ತ ಅದನ್ನೇ ಅವಳ ಬಾಯಲ್ಲಿ ಕೇಳುವಾಗ, ನನಗೆ ಕಾಣದ್ದು ಎಷ್ಟೋ ಅವಳಿಗೆ ಕಾಣುತ್ತಿತ್ತು: ಬೌಲರ್ ಹಾಗೆ ಚೆಂಡೆಸೆಯುವ ಹುಡುಗ ಎರಡು ಎಸೆತದ ನಡುವೆ ಟೋಪಿ ಮುಟ್ಟಿಕೊಳ್ಳುವುದು, ಗಾಳಿ ನದಿಯ ಕಡೆಯಿಂದ ತಿರುಗಿದ್ದು. ಹೆಮ್ಮೆಯಾಯಿತು. ಅವಳ ತಂಡ ಸೋಲಲಿ ಎಂದು ಹಾರೈಸಿಕೊಂಡು ಬಂದವನು ಕೂತಿರುವುದು ಯಾರ ಪಕ್ಕದಲ್ಲಿ ಎಂದು ನಾಚಿಕೆಯೂ ಆಯಿತು.

ಕಡೆಯ ಸ್ಥಾನದ ತಂಡ ಇಷ್ಟು ಮೇಲೆ ಬಂದದ್ದು ಹೇಗೆ ಎಂದು ಅಜ್ಜಿಯನ್ನು ಕೇಳಿದೆ. "ಏಪ್ರಿಲ್‌ನಲ್ಲಿ ಇದ್ದ ಹುಡುಗರೇ ಸೆಪ್ಟೆಂಬರ್‌ನಲ್ಲಿ ಇರಲ್ಲಪ್ಪಾ," ಎಂದರು. ಚೆನ್ನಾಗಿ ಆಡಿದವರನ್ನು ನಡುವೆಯೇ ಮೇಲಿನ ಹಂತಕ್ಕೆ ಎತ್ತಿಕೊಂಡು ಹೋಗುತ್ತಾರೆ, ಕೆಳಗಿನಿಂದ ಹೊಸಬರು ಬರುತ್ತಾರೆ. ಜೂನ್ ಹೊತ್ತಿಗೆ ಬೇರೆಯದೇ ತಂಡ. ಹಳೆಯ ತಂಡದ ಸೋಲನ್ನು ಹೊಸಬರ ತಲೆಗೆ ಕಟ್ಟಬಾರದೆಂದು, ಊರಿನ ಜನ ಜೂನ್‌ನಲ್ಲೇ ಬೇಸತ್ತು ಬರುವುದು ಬಿಡಬಾರದೆಂದು ಈ ಎರಡು ಅರ್ಧದ ಏರ್ಪಾಡು. ಇಂದಿನ ಲೆಕ್ಕವನ್ನೂ ಹೇಳಿದರು. ಎರಡನೇ ಅರ್ಧದಲ್ಲಿ ಹೆರನ್ಸ್ ಮತ್ತು ಇಂಡಿಯಾನಾ ಸಮಸಮ. ಒಹಾಯೋದ ಒಂದು ತಂಡ ಒಂದೇ ಗೆಲುವಿನಷ್ಟು ಹಿಂದೆ. ಇಂದು ಹೆರನ್ಸ್ ಗೆದ್ದರೆ ಜಾಗ ಅವರದು. "ಅಕಸ್ಮಾತ್ ಇಂಡಿಯಾನಾ ಎರಡೂ ಅರ್ಧ ಗೆದ್ದುಬಿಟ್ರೆ..." ಎಂದು ಅಜ್ಜಿ ಇನ್ನೂ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ಇಂಡಿಯಾನಾದ ಹುಡುಗನೊಬ್ಬ ಚೆಂಡನ್ನು ಬೇಲಿಯಾಚೆ ಬಾರಿಸಿದ. ನನಗೆ ಬೇಕಾದದ್ದು ಅದೇ ಆಗಿತ್ತಲ್ಲ, ಗಮನ ಅತ್ತ ಹೋಯಿತು.

ಹೆರನ್ಸ್ ಸೋತಿತು. ಕೊನೆಯ ಇನ್ನಿಂಗ್ಸ್‌ನಲ್ಲಿ ಅವರ ಇಬ್ಬರು ರನ್ನಿಗಾಗಿ ಓಡಲು ಸಿದ್ಧರಾಗಿ ನಿಂತಿದ್ದರೂ ಒಂದು ರನ್ನಿನಿಂದ. ಕಿವಿಯಲ್ಲಿ ಅಪೂರ್ವಾಳ ದನಿ ನಡುಗಲಿಲ್ಲ, ಆದದ್ದನ್ನು ಆದ ಹಾಗೆ ಹೇಳಿದಳು. ನನ್ನ ಎದೆಯ ಮೇಲಿನ ಭಾರ ಇಳಿದದ್ದು ಸುಳ್ಳಲ್ಲ. ಎದ್ದು ನಿಂತು ಶೈಲಜಾಳಿಗೆ, "ಮುಗೀತು. ನಡಿ, ಅವಳನ್ನ ಮಾತಾಡಿಸೋಣ," ಎಂದೆ.

ಯಾರೂ ಏಳಲಿಲ್ಲ. ಸಾವಿರಾರು ಜನ ಖಾಲಿ ಮೈದಾನದ ಎದುರು ಕೂತೇ ಇದ್ದರು. ದೊಡ್ಡ ಫಲಕದಲ್ಲಿ ಬೇರೆ ಯಾವುದೋ ಪಂದ್ಯದ ಅಂಕ ಕಾಣುತ್ತಿತ್ತು.

"ಕೂತ್ಕೊಳಪ್ಪಾ," ಎಂದರು ಮಾರ್ಲೀನ್. "ಆಗ ಪೂರ್ತಿ ಕೇಳಿಸ್ಕೊಳ್ಳಲಿಲ್ಲ ನೀನು. ಎರಡೂ ಅರ್ಧ ಒಂದೇ ತಂಡ ಗೆದ್ರೆ ಎರಡು ಜಾಗನೂ ಅವರಿಗೇ ಕೊಡೋಕಾಗುತ್ತಾ? ತನ್ನ ಮೇಲೆ ತಾನೇ ಆಡುತ್ತಾ ತಂಡ? ನಮ್ಮ ಲೀಗಲ್ಲಿ ಆಗ ಇನ್ನೊಂದು ಜಾಗ ಎರಡನೇ ಅರ್ಧದಲ್ಲಿ ಎರಡನೆಯವರಾಗಿ ಬಂದವರಿಗೆ. ಒಹಾಯೋ ಇವತ್ತು ಗೆದ್ರೆ ನಮಗೆ ಸಮ ಆಗುತ್ತೆ. ಅವರು ನಮ್ಮನ್ನ ಸೋಲಿಸಿದ್ದೇ ಹೆಚ್ಚು, ಹಾಗಾಗಿ ಜಾಗ ಅವರದು. ಸೋತ್ರೆ ನಮ್ಮದು. ಅಲ್ಲಿ ಮಳೆ ಬಂದು ಆಟ ತಡ ಆಗಿದೆ."

ಕೂತೆ. ಒಮ್ಮೆ ತಪ್ಪಿದ್ದ ಲೆಕ್ಕ ಎರಡನೇ ಸಲವೂ ತಪ್ಪಿತ್ತು. ಅಷ್ಟು ಜನ ಅಷ್ಟು ಹೊತ್ತು ಸುಮ್ಮನೆ ಒಂದು ಫಲಕವನ್ನು ನೋಡುತ್ತ ಕೂತಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಖಾರದವಲಕ್ಕಿ ಅಜ್ಜಿಯ ಕೈಗೂ, ಹಿಂದಿನ ಸಾಲಿಗೂ ಹೋಯಿತು. ಕಿವಿಯಲ್ಲಿ ಅಪೂರ್ವಾ ನೂರಾರು ಮೈಲಿ ದೂರದ ಪಂದ್ಯದ ಸುದ್ದಿ ಬಂದ ಹಾಗೆಲ್ಲ ಹೇಳುತ್ತಿದ್ದಳು. ಒಹಾಯೋ ಮುಂದೆ, ಆಮೇಲೆ ಸಮ, ಆಮೇಲೆ ಹಿಂದೆ. ಕೊನೆಗೆ, ಒಹಾಯೋ ಸೋತಿತು ಎಂದಳು. ದನಿ ಈಗ ನಡುಗಿತು.

ತಮ್ಮ ತಂಡ ಸೋತ ಮೈದಾನದಲ್ಲಿ ಜನ ಎದ್ದು ಕುಣಿದರು. ಮಾರ್ಲೀನ್ ನನ್ನ ತೋಳು ಹಿಡಿದು ಅಲುಗಾಡಿಸಿದರು. ನಾನೂ ಎದ್ದು ಎರಡು ಕೈ ಮೇಲೆತ್ತಿ ಗಂಟಲು ಹರಿಯುವ ಹಾಗೆ ಕೂಗಿದೆ. ಕೂಗಿ ಮುಗಿದ ಮೇಲೆ ಗುರುವಾರ ನೆನಪಾಯಿತು.

ಅಪೂರ್ವಾ ಮೆಟ್ಟಿಲಿಳಿದು ಓಡಿ ಬಂದಳು. "ಅಪ್ಪಾ, ವಿ ಆರ್ ಇನ್!" ಎಂದು ನನ್ನ ಕೊರಳಿಗೆ ಬಿದ್ದವಳು ಮರುಕ್ಷಣವೇ ಹಿಂದೆ ಸರಿದು, "ಗುರುವಾರ ಬರ್ತೀನಿ. ಡೋಂಟ್ ವರಿ," ಎಂದಳು.

"ಬರಬೇಡ," ಎಂದೆ. ದನಿ ಗಡುಸಾಗಿಯೇ ಬಂತು, ನನಗೆ ಮೆತ್ತಗೆ ಹೇಳಿ ಅಭ್ಯಾಸವಿಲ್ಲ. "ನೀನು ಇಂಡಿಯಾನಾಗೆ ಹೋಗು. ಇನ್ಯಾವನೋ ಮಾತಾಡಿದ್ರೆ ಈ ಅಜ್ಜಿಗೆ ಆಟ ಕಾಣೋದು ಹೇಗೆ?"

"ಮತ್ತೆ ನೀರು ಹಾಕೋದು? ಫಸ್ಟ್ ಚೊಂಬು ನಂದು ಅಂದಿದ್ದೆ." ಚಿಕ್ಕವಳಿದ್ದಾಗಿನ ಮುಖವಾಯಿತು ಅವಳದು.

ದಾರಿ ತೋರಿಸಿದ್ದು ಶೈಲಜಾ. "ಸೋಮವಾರ ಇಡೀ ಲೀಗಿಗೇ ರಜಾ ಅಲ್ವಾ? ಚೊಂಬು, ಕಾಯಿ, ವೀಳ್ಯದೆಲೆ ಎಲ್ಲಾ ವ್ಯಾನಲ್ಲೇ ಇದೆ. ಇವರ ಥರಾನೇ ನಾವೂ ಎರಡು ಭಾಗ ಮಾಡೋಣ. ಮೊದಲನೇ ಅರ್ಧ ನಾಳೆ ಇವಳ ಮನೇಲಿ, ಎರಡನೇ ಅರ್ಧ ಗುರುವಾರ ಅತ್ತಿಗೆ ಮನೇಲಿ."

ಭಟ್ಟರಿಗೆ ಫೋನ್ ಮಾಡಿದೆ. ಶನಿವಾರಕ್ಕೇ ಒಪ್ಪದ ಮನುಷ್ಯ ಸೋಮವಾರ ಕೇಳುತ್ತಿರುವುದನ್ನು ಅವರು ಸ್ವಲ್ಪ ಹೊತ್ತು ಚಪ್ಪರಿಸಿದರು. ಆಮೇಲೆ ಹೇಳಿದರು: "ಸರ್, ಹೋಮ, ಮಾಂಗಲ್ಯ ಎಲ್ಲ ನಿಮ್ಮ ನಕ್ಷತ್ರದ ದಿನವೇ ಆಗಲಿ. ಗಣಪತಿ ಪೂಜೆ ಮುಂಚೆ ಮಾಡ್ಕೊಂಡ್ರೆ ತಪ್ಪಿಲ್ಲ. ಹೆತ್ತ ಮಗಳು ಒಂದು ಚೊಂಬು ನೀರು ಹಾಕೋದಕ್ಕೆ ಯಾವ ಪಂಚಾಂಗ ಬೇಡ ಅನ್ನುತ್ತೆ? ಫೋನ್ ಸ್ಪೀಕರಲ್ಲಿಡಿ, ಮಂತ್ರ ನಾನು ಹೇಳ್ತೀನಿ."

ಸೋಮವಾರ ಬೆಳಿಗ್ಗೆ ಅಪೂರ್ವಾಳ ಅಪಾರ್ಟ್‌ಮೆಂಟಿಗೆ ಹೋದೆವು. ಮಹಡಿ ಮೇಲಿನ ಒಂದೇ ಕೋಣೆಯ ಮನೆ. ನೆಲವೆಲ್ಲ ಕಾರ್ಪೆಟ್ಟು, ನೀರು ಚೆಲ್ಲಿದರೆ ಕೆಳಗಿನ ಮನೆಯವರ ತಲೆಗೆ. ಬಾಲ್ಕನಿಯಲ್ಲಿ ಒಬ್ಬರು ಕೂರುವಷ್ಟೇ ಜಾಗ. ಮೂವರೂ ಮನೆಯೆಲ್ಲ ಸುತ್ತಿ ಕೊನೆಗೆ ಬಂದು ನಿಂತದ್ದು ಬಚ್ಚಲಲ್ಲಿ. ಅಲ್ಲಿನ ಬಾತ್ ಟಬ್ಬಿನೊಳಗೆ ಎರಡು ಮಣೆಯ ಬದಲು ಮಡಿಸಿದ ಟವೆಲ್ ಹಾಸಿ, ನಾನು ಪಂಚೆ ಉಟ್ಟು, ಶೈಲಜಾ ಹಳೆಯ ರೇಷ್ಮೆ ಸೀರೆ ಉಟ್ಟು, ಮಂಡಿ ಎದೆಗೊತ್ತಿಕೊಂಡು ಅಕ್ಕಪಕ್ಕ ಕೂತೆವು. ಶಾಂಪೂ ಬಾಟಲಿಗಳ ನಡುವೆ ಗಣಪತಿ. ಸಿಂಕಿನ ಮೇಲಿಟ್ಟ ಫೋನಿನಿಂದ ಭಟ್ಟರು ಮಂತ್ರ ಹೇಳುತ್ತಿದ್ದರು. ಬಚ್ಚಲಾದ್ದರಿಂದ ದನಿ ಚೆನ್ನಾಗಿ ತುಂಬಿ ಬರುತ್ತಿತ್ತು.

ಅಪೂರ್ವಾ ಹೆರನ್ಸ್ ತಂಡದ ಟೀ ಶರ್ಟಿನ ಮೇಲೆ ಅಮ್ಮನ ಶಲ್ಯ ಹೊದ್ದು, ಮಾವಿನೆಲೆ ಇಟ್ಟ ಚೊಂಬನ್ನು ಎರಡು ಕೈಯಲ್ಲಿ ಎತ್ತಿದಳು. "ಇದು ತಣ್ಣಗಿದೆ, ವಾರ್ನಿಂಗ್," ಎಂದಳು. ಮೊದಲು ಅಮ್ಮನ ತಲೆಗೆ, ಆಮೇಲೆ ನನ್ನ ತಲೆಗೆ. ನೀರು ಕಿವಿಯ ಹಿಂದಿನಿಂದ ಬೆನ್ನಿಗೆ ಇಳಿಯಿತು. ಶೈಲಜಾಳಿಗೆ ನಗು ತಡೆಯಲಾಗಲಿಲ್ಲ, ಟಬ್ಬೆಲ್ಲ ಅಲುಗಿತು. ಅಪೂರ್ವಾ ಅಳುತ್ತಿದ್ದಳು. ನನಗೂ ಅಳು ಬಂತು, ನೀರು ಸುರಿಯುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ ಎಂದುಕೊಂಡಿದ್ದೇನೆ. ಟಬ್ಬಿನಿಂದ ಏಳುವಾಗ ನನ್ನ ಮಂಡಿ ಹಿಡಿದುಕೊಂಡಿತು. ತಾಯಿ ಮಗಳು ಇಬ್ಬರೂ ಸೇರಿ ಎತ್ತಬೇಕಾಯಿತು.

ಅಂದು ಸಂಜೆಯೇ ನೂರಿಪ್ಪತ್ತು ಮೈಲಿ ಓಡಿಸಿ ವೆಸ್ಟ್ ಬ್ಲೂಮ್‌ಫೀಲ್ಡ್ ಸೇರಿದೆವು. ಗಂಗಕ್ಕ ಬಾಗಿಲಲ್ಲೇ ಕೇಳಿದಳು. ಹೇಳಿದೆವು. "ಬಚ್ಚಲದಾಗ ಶಾಂತಿ ಮಾಡಿಸ್ಕೊಂಡ್ ಬಂದ್ಯಾ? ಭೇಷ್!" ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಮಂಗಳವಾರ ಹೆರನ್ಸ್ ಗೆದ್ದಿತು. ಗುರುವಾರ ಬೆಳಿಗ್ಗೆ ನಕ್ಷತ್ರ ಇರುವಾಗಲೇ ಹೋಮ ಮುಗಿದು, ಶೈಲಜಾಳಿಗೆ ಎರಡನೇ ಸಲ ತಾಳಿ ಕಟ್ಟಿದೆ. ಮೊದಲ ಚೊಂಬನ್ನು ಯಾರು ಹಾಕಬೇಕೆಂಬ ಪ್ರಶ್ನೆ ಬಂದಾಗ, ಅದು ಆಗಲೇ ಆಗಿದೆ, ಎರಡನೆಯದರಿಂದ ಶುರು ಮಾಡಿ ಎಂದಳು ಅಕ್ಕ. ಹೋಳಿಗೆ ಊಟಕ್ಕೆ ಬಂದವರಿಗೆಲ್ಲ ನಾನು ಎರಡು ಅರ್ಧದ ನಿಯಮ ವಿವರಿಸಿದೆ. ಪ್ರಶ್ನೆ ಕೇಳಿದವರು ಕಡಿಮೆ. ಸಂಜೆ ಇಂಡಿಯಾನಾ ಗೆದ್ದು ಲೆಕ್ಕ ಸಮ ಮಾಡಿತು.

ಶುಕ್ರವಾರ ಸಂಜೆ ಮನೆಯ ಕಡೆ ಹೊರಟೆವು. ಖಾಲಿ ಚೊಂಬುಗಳು ಹಿಂದೆ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಈ ಸಲ ಜೋಡಿಸಿದ್ದು ನಾನು. ಫೋನಿನಲ್ಲಿ ಮೂರನೇ ಪಂದ್ಯ ಹಾಕಿಕೊಂಡೆವು. ಅಪೂರ್ವಾಳ ದನಿ ಕಾರಿನ ತುಂಬ. ಮಿಲ್‌ಪೋರ್ಟಿನ ಎಕ್ಸಿಟ್ ಬಂದಾಗ ವೇಗ ಇಳಿಸಿ ನೋಡಿದೆ. ಮೈದಾನದ ದೀಪಗಳು ಉರಿದಿರಲಿಲ್ಲ, ಫಲಕ ಕಪ್ಪಗಿತ್ತು. ಆ ಊರಿನ ಯಾವುದೋ ಅಡುಗೆಮನೆಯಲ್ಲಿ ಮಾರ್ಲೀನ್ ಇದನ್ನೇ ಕೇಳುತ್ತಿರಬೇಕು ಎಂದಳು ಶೈಲಜಾ. ಪಾ ಪಾ ಹತ್ತಿರ ಹೆರನ್ಸ್ ಒಂದು ರನ್ ಮುಂದಿತ್ತು, ಇನ್ನೂ ಸ್ವಲ್ಪ ಮುಂದೆ ಹೋದಾಗ ಮೂರು ರನ್ ಹಿಂದಿತ್ತು. ಇಂಡಿಯಾನಾ ಗಡಿಯ ಬೋರ್ಡು ಕಾಣುವ ಹೊತ್ತಿಗೆ ಸೋತಿತ್ತು.

ಅವಳು ಇಂಗ್ಲಿಷಿನಲ್ಲಿ ಆಟಗಾರರಿಗೆ, ಬಸ್ಸಿನ ಡ್ರೈವರಿಗೆ, ಊರಿನವರಿಗೆ ಧನ್ಯವಾದ ಹೇಳಿದಳು. ಜೂನ್‌ನಲ್ಲಿ ನಾವು ಕಡೆಯವರಾಗಿದ್ದೆವು ಎಂದಳು. ಕಾರಿನ ಗಡಿಯಾರ ತಾನೇ ಒಂದು ಗಂಟೆ ಹಿಂದೆ ಹೋಯಿತು. ಬರುವಾಗ ಕಳೆದುಕೊಂಡದ್ದು ವಾಪಸ್ ಸಿಕ್ಕಿತು. ಇನ್ನು ಸಂಗೀತ ಬರುತ್ತದೆ ಎಂದು ನಾನು ಫೋನಿನ ಕಡೆ ಕೈ ಚಾಚಿದೆ. ಆಗ ಆ ರೇಡಿಯೋದಲ್ಲಿ, ಮಿಷಿಗನ್ನಿನ ಅಷ್ಟೂ ಅಡುಗೆಮನೆಗಳಿಗೆ ಕೇಳುವ ಹಾಗೆ, ಅವಳು ಕನ್ನಡದಲ್ಲಿ ಹೇಳಿದಳು:

"ಅಪ್ಪಾ, ಅಮ್ಮಾ, ಮುಟ್ಟಿದ ಮೇಲೆ ಫೋನ್ ಮಾಡಿ."

"ಆಯ್ತು ಮಗಾ," ಎಂದಳು ಶೈಲಜಾ, ರೇಡಿಯೋಗೆ.